ಜಯಂತಿಯ ಸಿದ್ಧತೆಯಲ್ಲಿ ಮಕ್ಕಳ ಪಾಲು

ಶ್ರಾವಣ ಬಹುಳ ಅಷ್ಟಮಿ, ಸೌರಮಾನವನ್ನು ಅನುಸರಿಸುವ ಉಡುಪಿಯಲ್ಲಿ ಸಿಂಹಮಾಸದ ಕೃಷ್ಣಾಷ್ಟಮಿ, ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಮೊದಲು ಬೀಳುವ ಮಾತು "ಮುಟ್ಟಬೇಡ, ಮಡಿ" ಎಂಬುದು. ಹಿರಿಯರು ಮಡಿಯಲ್ಲಿ ಅಡುಗೆ ಮಾಡುವಾಗ ಈ ಮಾತು ಅನಿವಾರ್ಯವೇ ಸರಿ. ಆದರೆ ಅದೊಂದೇ ಮಾತನ್ನು ಕೇಳುತ್ತ ಬೆಳೆದ ಮಗು ಬಾಗಿಲಿನಾಚೆ ನಿಂತು ಹಬ್ಬವನ್ನು ನೋಡುತ್ತದೆಯೇ ಹೊರತು ಹಬ್ಬವನ್ನು ಮಾಡುವುದಿಲ್ಲ. ಮುಂದೆ ಅದು ದೊಡ್ಡದಾಗಿ, ಪರಸ್ಥಳದಲ್ಲಿ ಸಂಸಾರ ಹೂಡಿದಾಗ, ಅದರ ಜಯಂತಿ ಅಂಗಡಿಯ ಪೊಟ್ಟಣದಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿದರೆ ಆಶ್ಚರ್ಯವೇನು? ಕೈಗೆ ಕಲಿಸದಿದ್ದುದನ್ನು ಮನಸ್ಸು ಬಹುಕಾಲ ಹಿಡಿದಿಟ್ಟುಕೊಳ್ಳಲಾರದು.

ಮಡಿಯನ್ನು ಸಡಿಲಿಸಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕೆ ಭಂಗ ಬಾರದಂತೆ ಎಂಟು ವರ್ಷದೊಳಗಿನ ಬಾಲಕ ಬಾಲಿಕೆಯರಿಗೆ ಒಪ್ಪಿಸಬಹುದಾದ ಕೆಲಸಗಳನ್ನು ದಿನಗಳ ಕ್ರಮದಲ್ಲಿ ವಿವರಿಸುವುದಷ್ಟೇ ಇಲ್ಲಿಯ ಪ್ರಯತ್ನ.

೧. ಮಣ್ಣಿನ ಗೋಕುಲ

ಹಬ್ಬಕ್ಕೆ ನಾಲ್ಕು ದಿನ ಮುಂಚಿತವಾಗಿ ಕಲ್ಲು, ಬೇರುಗಳಿಲ್ಲದ ಜೇಡಿಮಣ್ಣನ್ನು ಚಪಾತಿಯ ಹಿಟ್ಟಿನ ಹದಕ್ಕೆ ನಾದಿ ಮಕ್ಕಳ ಮುಂದಿಡಬೇಕು. ಹಸು, ಕರು, ಬೆಣ್ಣೆಯ ಗಡಿಗೆ, ಬೃಂದಾವನದ ಮರ, ಇವು ಎಳೆಯ ಕೈಗೆ ಸಾಧ್ಯವಾಗುವ ಆಕಾರಗಳು. ಹಸುವಿನ ಕಾಲುಗಳು ದಪ್ಪವಾಗಿ, ಗಿಡ್ಡವಾಗಿ ಇರಲಿ. ತೆಳುವಾದವು ಒಣಗುವಾಗ ಮುರಿಯುತ್ತವೆ. ಕಾಲು, ಕೊಂಬುಗಳನ್ನು ಅಂಟಿಸುವೆಡೆ ಗೀರು ಎಳೆದು, ನೀರಿನಲ್ಲಿ ಕಲಸಿದ ತೆಳುಮಣ್ಣನ್ನು ಸವರಿ ಒತ್ತಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಬಿರಿಯುವುದರಿಂದ ನೆರಳಿನಲ್ಲಿಯೇ ಎರಡು ಮೂರು ದಿನ ಒಣಗಿಸಬೇಕು. ಅಂಗಡಿಯ ಬಣ್ಣ ಬೇಡ. ಬಿಳುಪಿಗೆ ಅಕ್ಕಿಹಿಟ್ಟು, ಹಳದಿಗೆ ಅರಿಸಿನ ಸಾಕು.

೨. ಕಡಗೋಲಿನ ಪಾಠ

ಉಡುಪಿಯ ಶ್ರೀಕೃಷ್ಣನು ಬಲಗೈಯಲ್ಲಿ ಕಡಗೋಲನ್ನೂ ಎಡಗೈಯಲ್ಲಿ ನೇಣನ್ನೂ ಹಿಡಿದು ನಿಂತಿರುವುದು ವಾಚಕರಿಗೆಲ್ಲ ತಿಳಿದ ವಿಷಯ. ಆದರೆ ಮೊಸರು ಕಡೆಯುವುದನ್ನೇ ಕಾಣದ ಮಗುವಿಗೆ ಆ ಎರಡು ವಸ್ತುಗಳು ಏನನ್ನು ತಾನೇ ಹೇಳಿಯಾವು? ಆದ್ದರಿಂದ ಸಪ್ತಮಿಯ ದಿನ ಒಮ್ಮೆ ಬೆಣ್ಣೆ ತೆಗೆದು ತೋರಿಸಬೇಕು.

ನಾಲ್ಕೈದು ದಿನದ ಹಾಲಿನ ಕೆನೆಯನ್ನು ತಂಪಿನಲ್ಲಿ ಕೂಡಿಟ್ಟು, ಹಿಂದಿನ ರಾತ್ರಿ ಒಂದು ಚಮಚ ಮೊಸರಿನಿಂದ ಹೆಪ್ಪು ಹಾಕಿರಿ. ಹೋಮೊಜಿನೈಸ್ ಮಾಡಿದ ಪೊಟ್ಟಣದ ಹಾಲಿನಲ್ಲಿ ಕೆನೆ ಸರಿಯಾಗಿ ಕಟ್ಟದು. ಬೇರೆ ಹಾಲನ್ನು ತರಬೇಕು. ಕಡಗೋಲಿಲ್ಲದ ಮನೆಯಲ್ಲಿ ಭದ್ರವಾದ ಮುಚ್ಚಳವುಳ್ಳ ಅಗಲಬಾಯಿಯ ಡಬ್ಬಿಯೇ ಸಾಕು. ಅದರ ಅರ್ಧದವರೆಗೆ ಮಾತ್ರ ಕೆನೆಮೊಸರು ಮತ್ತು ಸ್ವಲ್ಪ ತಣ್ಣೀರು ತುಂಬಿ, ಮಕ್ಕಳು ಸರದಿಯಂತೆ ಕುಲುಕಲಿ. ಮೊದಲು ನೊರೆಯೇಳುತ್ತದೆ, ಬಳಿಕ ಗಟ್ಟಿಯಾಗುತ್ತದೆ, ಆಮೇಲೆ ಹಠಾತ್ತನೆ ಮಜ್ಜಿಗೆಯಿಂದ ಬೆಣ್ಣೆಯ ಕಾಳುಗಳು ಬೇರ್ಪಡುತ್ತವೆ.

ಕಾರಣವನ್ನೂ ಹೇಳಿಕೊಡಬೇಕು. ಹಾಲಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿದ್ದು, ಪ್ರತಿ ಹನಿಗೂ ತೆಳುಪೊರೆಯೊಂದಿರುತ್ತದೆ. ಕಡೆಯುವಾಗ ಆ ಪೊರೆ ಹರಿದು ಹನಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಮೊಸರು ಬೆಚ್ಚಗಿದ್ದರೆ ಬೆಣ್ಣೆ ಮೆತ್ತಗಾಗಿ ಒಟ್ಟುಗೂಡದು. ತಣ್ಣೀರಿನ ಗುಟ್ಟು ಇದೇ. ಈ ಬೆಣ್ಣೆ ಮಕ್ಕಳದು. ನಿವೇದನೆಯ ಬೆಣ್ಣೆಯನ್ನು ಹಿರಿಯರು ಮಡಿಯಲ್ಲಿ ಬೇರೆಯಾಗಿ ತೆಗೆದಿಡಲಿ.

೩. ಪುಟ್ಟ ಹೆಜ್ಜೆಗಳು

ಎರಡು ಗಂಟೆ ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಮಜ್ಜಿಗೆಗಿಂತ ತುಸು ಗಟ್ಟಿಯಾಗಿರುವಂತೆ ಕದಡಬೇಕು. ಮಗು ಮುಷ್ಟಿ ಕಟ್ಟಿ, ಕಿರುಬೆರಳಿನ ಬದಿಯನ್ನು ಹಿಟ್ಟಿನಲ್ಲಿ ಅದ್ದಿ ನೆಲಕ್ಕೊತ್ತಿದರೆ ಅಂಗಾಲು ಮೂಡುತ್ತದೆ. ಬಲಮುಷ್ಟಿಗೆ ಬಲಪಾದ, ಎಡಮುಷ್ಟಿಗೆ ಎಡಪಾದ. ಮೇಲೆ ಬೆರಳತುದಿಯಿಂದ ಐದು ಚುಕ್ಕೆ. ಒಳಮಗ್ಗುಲಿನದು ಹೆಬ್ಬೆರಳಾದುದರಿಂದ ದೊಡ್ಡದು. ಹೆಜ್ಜೆಗಳು ಹೊಸ್ತಿಲಿನಿಂದ ದೇವರ ಮಂಟಪದತ್ತ ಒಳಮುಖವಾಗಿರಬೇಕು. ಒದ್ದೆಯಿದ್ದಾಗ ಮಸುಕಾಗಿ ಕಂಡದ್ದು ಒಣಗಿದಂತೆ ಬೆಳ್ಳಗಾಗುವುದರಿಂದ ಮೇಲಿಂದ ಮೇಲೆ ತಿದ್ದಬೇಕಾಗಿಲ್ಲ. ಕೃಷ್ಣ ಬಂದ ದಾರಿಯನ್ನು ಮಗುವಿನ ಮುಷ್ಟಿಯೇ ಬರೆಯಿತಲ್ಲವೆ? ದೊಡ್ಡವರ ಕೈಗೆ ಆ ಅಳತೆ ದಕ್ಕದು.

೪. ಎಳ್ಳುಂಡೆ ಮತ್ತು ಅವಲಕ್ಕಿ

ಚಕ್ಕುಲಿಯ ಕಾದ ಎಣ್ಣೆಯ ಬಳಿ ಮಕ್ಕಳಿಗೆ ಕೆಲಸವಿಲ್ಲ. ಅವರಿಗೆ ತಕ್ಕದ್ದು ಎಳ್ಳುಂಡೆ. ಒಂದು ಬಟ್ಟಲು ಎಳ್ಳನ್ನು ಚಟಪಟಗುಟ್ಟುವವರೆಗೆ ಹಿರಿಯರು ಹುರಿದು, ಆರಿದ ಮೇಲೆ ಮುಕ್ಕಾಲು ಬಟ್ಟಲು ಬೆಲ್ಲ, ಎರಡು ಏಲಕ್ಕಿ ಸೇರಿಸಿ ಕುಟ್ಟಬೇಕು. ಎಳ್ಳು ಎಣ್ಣೆ ಬಿಡುವುದರಿಂದ ಪಾಕದ ಹಂಗಿಲ್ಲದೆ ಉಂಡೆ ಕಟ್ಟಲು ಬರುತ್ತದೆ. ಮಕ್ಕಳು ಕಟ್ಟಿದ ಉಂಡೆಗಳಲ್ಲಿ ಒಂದು ನೆಲ್ಲಿಕಾಯಿಯಷ್ಟು, ಒಂದು ನಿಂಬೆಯಷ್ಟು ಇದ್ದರೂ ತಿದ್ದಲು ಹೋಗಬಾರದು. ತೀರ ಎಳೆಯ ಮಕ್ಕಳಿಗೆ ಇಡಿಯ ನೆಲಗಡಲೆಯುಳ್ಳ ಉಂಡೆ ಬೇಡ; ಗಂಟಲಿಗೆ ಸಿಲುಕುವ ಅಪಾಯವಿದೆ.

ಅವಲಕ್ಕಿಗೆ ಒಲೆಯೇ ಬೇಡ. ಮಗುವಿನ ಮುಷ್ಟಿಯಿಂದ ನಾಲ್ಕು ಮುಷ್ಟಿ ತೆಳು ಅವಲಕ್ಕಿ, ಒಂದು ಮುಷ್ಟಿ ಬೆಲ್ಲದ ಪುಡಿ, ಎರಡು ಮುಷ್ಟಿ ಕಾಯಿತುರಿ. ಮೊದಲು ಬೆಲ್ಲ ಕಾಯಿಗಳನ್ನು ಕಲಸಿ, ಅವು ನೀರೊಡೆದ ಮೇಲೆ ಅವಲಕ್ಕಿ ಸೇರಿಸಿದರೆ ಮೆತ್ತಗಾಗುತ್ತದೆ. ನಾಲ್ಕೇ ಮುಷ್ಟಿ ಏಕೆ? ಭಾಗವತದ ದಶಮಸ್ಕಂಧದಲ್ಲಿ ಕುಚೇಲನ ಪತ್ನಿ ನೆರೆಯವರಲ್ಲಿ ಬೇಡಿ ತಂದು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಟ್ಟ ಅವಲಕ್ಕಿ ನಾಲ್ಕು ಮುಷ್ಟಿ. ಕಲಸುತ್ತಿರುವಾಗಲೇ ಈ ಕಥೆಯನ್ನು ಹೇಳಬೇಕು.

೫. ಮಗುವಿನ ಪ್ರಶ್ನೆ

ಇಷ್ಟಾದ ಮೇಲೆ ಮಗು ಕೇಳಿಯೇ ಕೇಳುತ್ತದೆ: "ನಾನು ಮಾಡಿದ್ದು ಕೃಷ್ಣನಿಗೆ ಇಲ್ಲವೇ?" ಇದಕ್ಕೆ ಉತ್ತರವನ್ನು ತಾಯಿತಂದೆಯರು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಸ್ನಾನ ಮಾಡಿಸಿ, ಒಗೆದ ಬಟ್ಟೆ ಉಡಿಸಿ ಮಾಡಿಸಿದುದನ್ನು ನಿವೇದನೆಗೆ ಇಡುವ ಪದ್ಧತಿ ಮನೆಯಲ್ಲಿದ್ದರೆ, ರುಚಿ ನೋಡಬಾರದೆಂಬ ಒಂದೇ ನಿಯಮವನ್ನು ಹೇಳಿ ಹಾಗೆಯೇ ಮಾಡಬಹುದು. ಹಿರಿಯರು ಒಪ್ಪದಿದ್ದರೆ ಅದನ್ನು ಮುಚ್ಚಿಡದೆ ತಿಳಿಸಬೇಕು: "ಇದು ನಾಳೆ ನೀನೇ ಎಲ್ಲರಿಗೂ ಹಂಚಬೇಕಾದದ್ದು, ಹಂಚುವುದೂ ಅವನ ಸೇವೆಯೇ." ಒಪ್ಪಿದಂತೆ ನಟಿಸಿ, ಮಗು ಮಲಗಿದ ಮೇಲೆ ಅದರ ತಟ್ಟೆಯನ್ನು ಬದಿಗೆ ಸರಿಸುವುದು ಮಾತ್ರ ಸರ್ವಥಾ ಕೂಡದು. ಬೆಳಿಗ್ಗೆ ಅದಕ್ಕೆ ತಿಳಿಯುತ್ತದೆ. ತಿಳಿದ ಮೇಲೆ ಮುಂದಿನ ವರ್ಷ ಅದು ಕೈ ಚಾಚುವುದಿಲ್ಲ.

ಉಪವಾಸದ ವಿಚಾರವೂ ಇಲ್ಲಿ ಪ್ರಸಕ್ತ. ಏಕಾದಶಿಯ ಉಪವಾಸ ಎಂಟು ವರ್ಷ ಮೀರಿದವರಿಗೆ, ಎಂಬತ್ತು ತುಂಬದವರಿಗೆ ಎಂಬುದು ಸ್ಮೃತಿಯ ಅಳತೆ. ಜಯಂತಿಯಲ್ಲಿಯೂ ಎಳೆಯರಿಗೆ ಹಾಲು ಹಣ್ಣುಗಳನ್ನು ಕೊಡುವುದೇ ರೂಢಿ. ಚಂದ್ರೋದಯದ ಅರ್ಘ್ಯದ ಹೊತ್ತಿಗೆ ನಿದ್ರಿಸಿದ ಶಿಶುವನ್ನು ಎಬ್ಬಿಸಬೇಕಾಗಿಲ್ಲ.

ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ. ಮೃಣ್ಮಯ ಕೃಷ್ಣಮೂರ್ತಿಯ ರಥೋತ್ಸವ, ಗೊಲ್ಲರ ವೇಷದವರಿಂದ ಮೊಸರುಕುಡಿಕೆ, ಉಂಡೆ ಚಕ್ಕುಲಿಗಳ ಪ್ರಸಾದ, ಕೊನೆಗೆ ಮಧ್ವಸರೋವರದಲ್ಲಿ ಮೂರ್ತಿಯ ವಿಸರ್ಜನೆ. ಮನೆಯಲ್ಲಿಯೂ ಪಾರಣೆ ಮುಗಿದ ಬಳಿಕ ಮಕ್ಕಳು ತಮ್ಮ ಉಂಡೆಗಳನ್ನು ನೆರೆಮನೆಗಳಿಗೆ ಹಂಚಿಬರಲಿ. ಮಣ್ಣಿನ ಹಸುಗಳನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟು, ಕರಗಿದ ಮಣ್ಣನ್ನು ಹೂಗಿಡಗಳ ಬುಡಕ್ಕೆ ಹಾಕಲಿ. ಕರಗಿದ್ದಕ್ಕೆ ಅಳುವ ಮಗುವಿಗೆ, ಬರುವ ವರ್ಷ ಇನ್ನೊಂದು ಕರುವನ್ನು ಮಾಡುವುದು ಅದರದೇ ಕೆಲಸವೆಂದು ಹೇಳಿದರೆ ಸಾಕು.

ಶ್ರೀಕೃಷ್ಣಾರ್ಪಣಮಸ್ತು.