ಅಯಾನಿಗೂ ವಿದ್ಯುದೃಣತ್ವ ಉಂಟೇ? – ಬೋಧನಾಭ್ಯಾಸದ ಒಂದು ಪಾಠ

ರಾಯಬಾಗ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ‘ಲೋಹಗಳು ಮತ್ತು ಅಲೋಹಗಳು’ ಪಾಠ ಮಾಡುತ್ತಿದ್ದೆ. ಅಯಾನಿಕ ಬಂಧ ವಿವರಿಸಲು, ಬಂಧದಲ್ಲಿರುವ ಪರಮಾಣು ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಪ್ರವೃತ್ತಿಯೇ ವಿದ್ಯುದೃಣತ್ವ ಎಂದು ಹೇಳಿ, ಪೌಲಿಂಗ್ ಮಾಪಕದ ಬೆಲೆಗಳನ್ನು ಬರೆದೆ: ಸೋಡಿಯಂ 0.93, ಕ್ಲೋರಿನ್ 3.16.

“ಸರ್, ಸೋಡಿಯಂ ಅಯಾನಿಗೆ ಎಷ್ಟ ಇರ್ತೈತ್ರಿ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. “ಇಲೆಕ್ಟ್ರಾನು ಕೊಟ್ಟಾಯಿತಲ್ಲ, ಶೂನ್ಯ” ಎಂದುಬಿಟ್ಟೆ. ಅದು ತಪ್ಪು.

ಸಂಜೆ ಮತ್ತೆ ಓದಿದಾಗ ವ್ಯಾಖ್ಯೆಯ ‘ಬಂಧದಲ್ಲಿರುವ’ ಎಂಬ ಪದ ಕಣ್ಣಿಗೆ ಬಿತ್ತು. ಪೌಲಿಂಗ್ ಬೆಲೆಗಳು ಸಂಯುಕ್ತಗಳ ಬಂಧಶಕ್ತಿಯಿಂದ ಬಂದವು. ಒಂಟಿ ಅಯಾನಿಗೆ ಅಯಾನೀಕರಣ ಶಕ್ತಿ, ಇಲೆಕ್ಟ್ರಾನ್ ಆಪ್ತತೆಗಳ ಮಾತೇ ಸರಿ. ಬಂಧದೊಳಗೆ ಧನ ಆವೇಶ ಹೆಚ್ಚಿದರೆ ಸೆಳೆತವೂ ಹೆಚ್ಚುತ್ತದೆ. ಋಣ ಆವೇಶ ಹೆಚ್ಚಿದರೆ ಕುಗ್ಗುತ್ತದೆ. ಕಬ್ಬಿಣದ ಬೆಲೆ +2 ಸ್ಥಿತಿಯಲ್ಲಿ 1.83, +3 ಸ್ಥಿತಿಯಲ್ಲಿ 1.96.

ಮರುದಿನ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. ಬಳಿಕ ಕಬ್ಬಿನ ಎಲೆ ಬಿಳಿಚಿದಾಗ ರೈತರು ಸಿಂಪಡಿಸುವ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟಿನ ದ್ರಾವಣವನ್ನೂ ಅಷ್ಟೇ ಸಾರತೆಯ ಫೆರಿಕ್ ಕ್ಲೋರೈಡ್ ದ್ರಾವಣವನ್ನೂ ಪಿಎಚ್ ಕಾಗದದಿಂದ ಪರೀಕ್ಷಿಸಿದೆವು. ಎರಡನೆಯದೇ ಹೆಚ್ಚು ಆಮ್ಲೀಯ. +3 ಕಬ್ಬಿಣವು ತನಗಂಟಿದ ನೀರಿನ ಆಕ್ಸಿಜನ್ನಿನಿಂದ ಇಲೆಕ್ಟ್ರಾನುಗಳನ್ನು ಬಲವಾಗಿ ಸೆಳೆಯುವುದರಿಂದ ಆಕ್ಸಿಜನ್–ಹೈಡ್ರೋಜನ್ ಬಂಧ ಸಡಿಲಗೊಂಡು ಹೈಡ್ರೋಜನ್ ಅಯಾನು ಸುಲಭವಾಗಿ ಬಿಡುಗಡೆಯಾಗುತ್ತದೆ.

“ಹಂಗಾರ ಕಳಕೊಂಡಷ್ಟೂ ಜೋರ್ ಎಳೀತೈತ್ರಿ!” ಎಂದಳು ಅದೇ ವಿದ್ಯಾರ್ಥಿನಿ. ಪಾಠಯೋಜನೆಯಲ್ಲಿ ಬೆಲೆ ಬರೆಯುವಾಗ, ಅದು ಯಾವ ಸ್ಥಿತಿಯ ಬೆಲೆ ಎಂಬುದನ್ನೂ ಈಗ ಬರೆಯುತ್ತೇನೆ.