ಸರಾಸರಿ ತೂಕವೂ ವಿಶ್ವಾಸ ವ್ಯಾಪ್ತಿಯೂ

ಮಾಲೇಕಲ್ಲು ತಿರುಪತಿಯ ಸುತ್ತಣ ಅರಸೀಕೆರೆ ಸೀಮೆಯಲ್ಲಿ ತೆಂಗು, ಕೊಬ್ಬರಿಗಳೇ ವ್ಯಾಪಾರದ ಜೀವಾಳ. ವರ್ತಕರೊಬ್ಬರು ತಲಾ 50 ಕಿಲೋ ಲೆಕ್ಕದಲ್ಲಿ 2,000 ಚೀಲ ಕೊಬ್ಬರಿ ಕೊಂಡರೆಂದು ಭಾವಿಸಬಹುದು. ಎಲ್ಲವನ್ನೂ ತೂಗಿಸುವುದು ದುಬಾರಿ. ಚೀಟಿ ಎತ್ತಿ ಆರಿಸಿದ 16 ಚೀಲಗಳ ಸರಾಸರಿ ತೂಕ 49.6 ಕಿಲೋ, ಮಾನಕ ವಿಚಲನೆ 0.8 ಕಿಲೋ ಬಂದಿತು. ಚೀಲಕ್ಕೆ 400 ಗ್ರಾಂ ಕೊರತೆಯೆಂದರೆ ಒಟ್ಟು 8 ಕ್ವಿಂಟಲ್. ಇಷ್ಟರಿಂದಲೇ ಮಾರಿದವರ ಹಣ ಹಿಡಿಯುವುದು ನ್ಯಾಯವೆ?

ವಿಚಲನೆಯನ್ನು 16ರ ವರ್ಗಮೂಲವಾದ 4ರಿಂದ ಭಾಗಿಸಿದರೆ ಮಾನಕ ದೋಷ 0.2. ಸಣ್ಣ ಮಾದರಿಗಳಿಗಾಗಿ ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಧಾನದ ಪ್ರಕಾರ, ಶೇ. 95ರ ಮಟ್ಟಕ್ಕೆ ಇಲ್ಲಿನ ಗುಣಕ 2.13. ಗುಣಿಸಿದರೆ 0.43. ಆದುದರಿಂದ ವ್ಯಾಪ್ತಿಯು 49.17ರಿಂದ 50.03 ಕಿಲೋ. ಇದರೊಳಗೆ 50 ಸೇರಿರುವುದರಿಂದ ಕೊರತೆ ಸಿದ್ಧವಾಗಲಿಲ್ಲ; ತೂಕ ಸರಿಯಿದೆಯೆಂದೂ ಸಿದ್ಧವಾಗಲಿಲ್ಲ.

64 ಚೀಲಗಳನ್ನು ತೂಗಿದಾಗಲೂ ಅದೇ ಸರಾಸರಿ, ಅದೇ ವಿಚಲನೆ ಬಂದರೆ ಮಾನಕ ದೋಷ 0.1, ಗುಣಕ ಸುಮಾರು 2, ವ್ಯಾಪ್ತಿಯು 49.4ರಿಂದ 49.8. ಈಗ 50 ಹೊರಗುಳಿಯಿತು. ಕೊರತೆಯ ದೂರಿಗೆ ಆಧಾರ ದೊರೆಯಿತು. ವ್ಯಾಪ್ತಿಯನ್ನು ಅರ್ಧಕ್ಕಿಳಿಸಲು ಸುಮಾರು ನಾಲ್ಕು ಪಟ್ಟು ಮಾದರಿ ಬೇಕೆಂಬುದನ್ನು ಗಮನಿಸಬೇಕು.

ಶೇ. 95 ಎಂದರೆ ನೂರರಲ್ಲಿ 95 ಚೀಲಗಳು ಈ ಮಿತಿಯೊಳಗಿವೆ ಎಂದಲ್ಲ. ಇದೇ ಕ್ರಮವನ್ನು ಮತ್ತೆ ಮತ್ತೆ ಅನುಸರಿಸಿದರೆ ನೂರರಲ್ಲಿ ಸುಮಾರು 95 ಬಾರಿ ನಿಜವಾದ ಸರಾಸರಿಯು ದೊರೆತ ವ್ಯಾಪ್ತಿಯೊಳಗಿರುತ್ತದೆ ಎಂದರ್ಥ. ಅಟ್ಟಿಯ ಮೇಲಿನ ಚೀಲಗಳನ್ನಷ್ಟೇ ಇಳಿಸಿ ತೂಗಿದರೆ ಈ ಭರವಸೆ ಉಳಿಯದು.