ನಿಮ್ಮಮ್ಮನ ಬಿಪಿ ನೋಡಿದ್ದಾಯ್ತು, ನಿನ್ನದು?

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬಂದು ನಿಮ್ಮಮ್ಮನ ಮಾತ್ರೆ ಡಬ್ಬಿ ತುಂಬಿಸಿಟ್ಟು ಹೋಗುತ್ತೀಯ, ಬಿಪಿ ಮೆಷಿನ್ನೂ ತಂದುಕೊಟ್ಟಿದ್ದೀಯ. ಸಂತೋಷ ಕಣಪ್ಪ. ಆದರೆ ಆ ಪಟ್ಟಿಯನ್ನು ನಿನ್ನ ತೋಳಿಗೆ ಸುತ್ತಿಕೊಂಡದ್ದನ್ನು ನಾನಂತೂ ನೋಡಿಲ್ಲ. ಕೇಳಿದರೆ, 'ನಲವತ್ತೆರಡಕ್ಕೆಲ್ಲ ಬಿಪಿ ಏನು ದೊಡ್ಡಮ್ಮ, ತಲೆನೋವೂ ಇಲ್ಲ' ಅನ್ನುತ್ತೀಯ. ನರ್ಸಾಗಿ ದುಡಿದವಳು ನಾನು. ಇನ್ನೂರರ ಹತ್ತಿರ ಬಿಪಿ ಇಟ್ಟುಕೊಂಡು ಮಗಳ ಮದುವೆ ಪತ್ರಿಕೆ ಹಂಚುತ್ತಾ ಓಡಾಡುತ್ತಿದ್ದವರನ್ನು ಕಂಡಿದ್ದೇನೆ. ತಲೆನೋವು ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡ.

ಬಿಪಿ ಅಂದರೆ ಲಕ್ವ, ಹಾರ್ಟ್ ಅಟ್ಯಾಕ್ ಅಂತ ಜನ ಹೆದರುತ್ತಾರೆ. ಡಿಮೆನ್ಷಿಯಾ ಎನ್ನುವ ಮರೆವಿನ ಕಾಯಿಲೆಗೂ ಅದು ದಾರಿ ಮಾಡಿಕೊಡುತ್ತದೆ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅರಳುಮರಳು ಎಲ್ಲರಿಗೂ ಬರುವಂಥದ್ದೇ ಅಂತ ಸುಮ್ಮನಾಗುತ್ತಾರೆ. ಮಿದುಳು ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಮೈಗೆ ಸಿಗುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದರ ಆಳಕ್ಕೆ ಇಳಿಯುವ ನಾಳಗಳೋ ಎಳೆಯಷ್ಟು ಸಣ್ಣವು. ನಿಮ್ಮಪ್ಪನ ಟೊಮೆಟೊ ತೋಟದ ಡ್ರಿಪ್ ಪೈಪಿಗೆ ಮೋಟರಿನ ನೀರನ್ನು ನೇರವಾಗಿ ನುಗ್ಗಿಸಿದರೆ ಎಷ್ಟು ದಿನ ತಡೆಯುತ್ತದೆ ಹೇಳು? ಹತ್ತಿಪ್ಪತ್ತು ವರ್ಷ ಒತ್ತಡ ತಿಂದ ನಾಳದ ಗೋಡೆ ಗಡುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ, ಅಲ್ಲೊಂದು ಇಲ್ಲೊಂದು ಕಟ್ಟಿಕೊಳ್ಳುತ್ತದೆ. ಕೈಕಾಲು ಸ್ವಾಧೀನ ತಪ್ಪುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಯಾವತ್ತೋ ಸ್ಕ್ಯಾನ್ ಮಾಡಿಸಿದಾಗ ಕಲೆಗಳು ಕಾಣುತ್ತವೆ, ಅಷ್ಟೆ.

ಹೀಗೆ ಶುರುವಾಗುವ ಮರೆವು ಮೊದಲು ಹೆಸರನ್ನೇ ಮರೆಸಬೇಕೆಂದಿಲ್ಲ, ಎಷ್ಟೋ ಸಲ ಕೆಲಸದ ಕ್ರಮ ತಪ್ಪಿಸುತ್ತದೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಒಂದು ಯುಗಾದಿಗೆ ಕಣಕ ನಾದಿಟ್ಟು, ಬೇಳೆ ಬೇಯಿಸಿ ಬಸಿದು, ಮುಂದೇನು ಅಂತ ತೋಚದೆ ಒರಳ ಮುಂದೆ ಕೂತುಬಿಟ್ಟರು. ಮೊಮ್ಮಕ್ಕಳ ಹೆಸರು, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಹಾಕಿದರು ಅನ್ನುವುದೆಲ್ಲ ನಾಲಿಗೆ ತುದಿಯಲ್ಲೇ ಇತ್ತು. ಹೂರಣಕ್ಕೆ ಬೆಲ್ಲ ಹಾಕಬೇಕೆನ್ನುವುದು ಮಾತ್ರ ಹೊಳೆಯಲಿಲ್ಲ. ಬಿಪಿ ಮಾತ್ರೆಯನ್ನು ಅವರು ತಲೆ ಸುತ್ತಿದ ದಿನ ಮಾತ್ರ ನುಂಗುತ್ತಿದ್ದರು. ಅದೊಂದೇ ಕಾರಣ ಅಂತ ನಾನು ಹೇಳಲಾರೆ, ಆದರೆ ಅದು ಸಣ್ಣ ಕಾರಣವೂ ಅಲ್ಲ.

ನಿನ್ನ ವಯಸ್ಸಿನ ಮೇಲೇ ನಾನು ಕಣ್ಣಿಟ್ಟಿರುವುದಕ್ಕೆ ಕಾರಣವಿದೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿಕೊಂಡು ಬಂದವರು ಕಂಡದ್ದು ಇದು: ಐವತ್ತನೇ ವಯಸ್ಸಿನಲ್ಲಿ ಮೇಲಿನ ಅಂಕಿ 130 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಮುಂದೆ ಡಿಮೆನ್ಷಿಯಾ ಹೆಚ್ಚಾಗಿ ಬಂತು. ಅರವತ್ತು, ಎಪ್ಪತ್ತರಲ್ಲಿ ಅಳೆದ ಬಿಪಿಗೂ ಮರೆವಿಗೂ ಅಂಥ ನಂಟು ಕಾಣಲಿಲ್ಲ. ಹಾಗಂತ ವಯಸ್ಸಾದವರ ಮಾತ್ರೆ ದಂಡ ಅಂದುಕೊಳ್ಳಬೇಡ. ಚೀನಾದ 326 ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 34,000 ಜನರನ್ನು ನಾಲ್ಕು ವರ್ಷ ನೋಡಿದರು. ಅರ್ಧ ಹಳ್ಳಿಗಳಲ್ಲಿ ಊರಿನ ವೈದ್ಯಕೀಯ ಕಾರ್ಯಕರ್ತರೇ ಮಾತ್ರೆ ಕೊಟ್ಟು, ಮನೆಯಲ್ಲಿ ಬಿಪಿ ನೋಡಿಕೊಳ್ಳುವುದನ್ನು ಕಲಿಸಿ, 130/80ರ ಕೆಳಗೆ ತರಲು ಹೆಣಗಿದರು. ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ಉಳಿದ ಹಳ್ಳಿಗಳಿಗಿಂತ ನೂರಕ್ಕೆ ಹದಿನೈದರಷ್ಟು ಕಡಿಮೆ ಬಂತು. 2025ರಲ್ಲಿ ಹೊರಬಂದ ಫಲಿತಾಂಶ ಇದು. ದೊಡ್ಡ ಆಸ್ಪತ್ರೆ ಬೇಕಾಗಲಿಲ್ಲ ಅನ್ನುವುದೇ ನನಗೆ ಹಿಡಿಸಿದ್ದು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕಂಡವರಿಗೆ ಇದೇನೂ ಆಶ್ಚರ್ಯವಲ್ಲ. ನಮ್ಮ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಮರೆವಿನ ವಿಷಯ ತಿಳಿಯಲು ನಲವತ್ತೈದು ದಾಟಿದವರನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದಾರೆ.

ನೋಡಿಕೊಳ್ಳುವುದಾದರೆ ನೆಟ್ಟಗೆ ನೋಡಿಕೋ. ಕಾಫಿ ಕುಡಿದ ಬಾಯಲ್ಲಿ, ಫೋನಿನಲ್ಲಿ ಮಾತಾಡುತ್ತಾ, ಕಾಲ ಮೇಲೆ ಕಾಲು ಹಾಕಿಕೊಂಡು ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಡು. ಪಟ್ಟಿ ಬರಿಮೈಗೆ ತಾಗಬೇಕು, ಅಂಗಿಯ ಮೇಲಲ್ಲ. ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಡು. ಸರಾಸರಿ 135/85 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗು. ಉಪ್ಪಿನಕಾಯಿ, ಹಪ್ಪಳದ ವಿಷಯ ನಿನ್ನ ಹೆಂಡತಿ ಹೇಳಿಯೇ ಹೇಳುತ್ತಾಳೆ, ನಾನೇಕೆ ಕೆಟ್ಟವಳಾಗಲಿ.

ನಿಮ್ಮಮ್ಮನ ಲೆಕ್ಕ ಸ್ವಲ್ಪ ಬೇರೆ. ಎಪ್ಪತ್ತೆಂಟರ ಮೈಗೆ ಬಿಪಿ ತೀರ ಇಳಿದರೂ ಕಷ್ಟ. ರಾತ್ರಿ ಬಚ್ಚಲಿಗೆ ಎದ್ದವರು ಕಣ್ಣು ಕತ್ತಲಿಟ್ಟು ಬಿದ್ದರೆ ಸೊಂಟದ ಮೂಳೆಗೇ ಬರುತ್ತದೆ. ಮುಂದಿನ ಸಲ ಬಂದಾಗ ಕೂತಾಗ ಒಮ್ಮೆ ನೋಡು, ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡು. ಮೇಲಿನ ಅಂಕಿ ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಇಳಿದರೆ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಮಾತ್ರೆ ಕಡಿಮೆ ಮಾಡಬೇಕೋ, ಹೊತ್ತು ಬದಲಿಸಬೇಕೋ ಅವರು ಹೇಳಲಿ. ಮೆಡಿಕಲ್ ಸ್ಟೋರಿನ ಹುಡುಗನೂ ಹೇಳುವುದು ಬೇಡ, ನೀನೂ ಅರ್ಧ ಮುರಿದುಕೊಡುವುದು ಬೇಡ.